ಫಿರಂಗಿ ಕೆಡಿಸಿದ ಕಿವಿಗೆ ದ್ರಾಕ್ಷಾಯಣಿಯ ಅಚ್ಚು

"ಅಗೀರಿ ತಾತ, ನಿಲ್ಲಿಸ್ಬೇಡಿ. ನುಂಗ್ಲೂಬೇಡಿ. ಅಗೀತಾನೇ ಇರಿ."

ಬೆಳಗಿನ ಆರೂಕಾಲು. ಕಣಕಟ್ಟೆಯ ಒಂದು ಮನೆಯ ಜಗುಲಿ. ಎಪ್ಪತ್ತಾರು ವರ್ಷದ ಜಯದೇವಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಬಾಯಲ್ಲಿ ಕೊಬ್ಬರಿ ಚೂರು, ಬಲಗಿವಿಯ ತುಂಬ ಗುಲಾಬಿ ಬಣ್ಣದ ಮೆತ್ತನೆ ಹಿಟ್ಟು. ಹಿಟ್ಟು ಒಳಗಿಳಿಯದಂತೆ ತಡೆದ ಹತ್ತಿಯುಂಡೆಗೆ ಕಟ್ಟಿದ ಒಂದು ಬಿಳಿ ದಾರ ಹೊರಗೆ ಇಳಿಬಿದ್ದಿದೆ. ಎದುರಿಗೆ ಮಂಡಿಯೂರಿ ಕೂತ ದ್ರಾಕ್ಷಾಯಣಿ ಅವರ ಗದ್ದಕ್ಕೆ ಎರಡು ಬೆರಳು ಕೊಟ್ಟು, ದವಡೆ ಆಡುತ್ತಿದೆಯೋ ಇಲ್ಲವೋ ನೋಡುತ್ತಿದ್ದಾರೆ. ಹಿಟ್ಟು ಗಟ್ಟಿಯಾಗಲು ಇನ್ನೂ ನಾಲ್ಕು ನಿಮಿಷ ಬೇಕು.

"ಏನವ್ವಾ, ಕಿವೀಗೆ ಚಪಾತಿ ಹಿಟ್ಟು ಮೆತ್ತಿಬಿಟ್ಯಲ್ಲ!" ಜಯದೇವಪ್ಪ ಕೇಳಿದ್ದು ಬೀದಿಯ ಆ ತುದಿಗೂ ಮುಟ್ಟುತ್ತದೆ.

"ಅಪ್ಪಾ, ಮಾತಾಡ್ಬೇಡ, ಅಗೀ!" ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಮಗ ಇಂದ್ರೇಶ್ ಅದಕ್ಕಿಂತ ಜೋರಾಗಿ ಕೂಗುತ್ತಾರೆ. "ಕಾಫಿ ಈಗ್ಲೇ ತರ್ಲಾ, ಆಮೇಲಾ?" ಒಳಗಿನಿಂದ ಸೊಸೆ ಪುಷ್ಪಲತಾ ಅವರದು ಮೂರನೆಯ ಕೂಗು. ಬೆಚ್ಚಿಬಿದ್ದವರು ದ್ರಾಕ್ಷಾಯಣಿಯ ಕೆಲಸದ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದ ನಾವಿಬ್ಬರು ಮಾತ್ರ. ಇಲ್ಲಿ ಯಾರೂ ಜಗಳ ಆಡುತ್ತಿಲ್ಲ. ಈ ಮನೆಯ ಸಾಮಾನ್ಯ ಮಾತೇ ಇಷ್ಟು ಎತ್ತರದ್ದು. ಇಳಿಯುವಾಗ ವಿಳಾಸ ಕೇಳಿದ್ದಕ್ಕೆ ಬಸ್ಸಿನ ಕಂಡಕ್ಟರ್ ನಕ್ಕಿದ್ದರು: "ಸುಮ್ನೆ ಒಂದು ನಿಮಿಷ ನಿಂತ್ಕಳಿ. ಅವ್ರೇ ಕೇಳಿಸ್ತಾರೆ. ಇವತ್ತು ಏನ್ ಸಾರು ಅಂತಾನೂ ಗೊತ್ತಾಗುತ್ತೆ."

ದ್ರಾಕ್ಷಾಯಣಿ ಡಾಕ್ಟರಲ್ಲ, ನರ್ಸೂ ಅಲ್ಲ. ಅವರದು ಕಿವಿಯ ಅಚ್ಚು ಮಾಡುವ ಕೆಲಸ. ಶ್ರವಣಯಂತ್ರ ಹಾಕಿಕೊಳ್ಳುವವರ ಕಿವಿಯೊಳಗೆ ಕೂರುವ ಆ ಸಣ್ಣ ಪಾರದರ್ಶಕ ತುಂಡು ಪ್ರತಿಯೊಬ್ಬರಿಗೂ ಬೇರೆಯೇ ಆಗಬೇಕು. ಒಬ್ಬರ ಎಡಗಿವಿಯದು ಅವರದೇ ಬಲಗಿವಿಗೆ ಕೂರುವುದಿಲ್ಲ. ಸಡಿಲವಾದರೆ ಯಂತ್ರ ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ, ಬಿಗಿಯಾದರೆ ಕಿವಿ ಹುಣ್ಣಾಗುತ್ತದೆ. ನಲವತ್ತಾರು ವರ್ಷದ ಈ ಹೆಂಗಸು ಅರಸೀಕೆರೆಯ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹನ್ನೊಂದು ವರ್ಷದಲ್ಲಿ ಏಳು ಸಾವಿರದ ಹತ್ತಿರ ಅಚ್ಚು ಮಾಡಿದ್ದಾರೆ. ವಾರಕ್ಕೆ ಹನ್ನೆರಡೋ ಹದಿಮೂರೋ ಆಗುತ್ತವೆ. ಬರಲಾಗದವರ ಮನೆಗೆ ತಾವೇ ಹೋಗುತ್ತಾರೆ. ಸೋಮವಾರ ಕಣಕಟ್ಟೆ ಕಡೆ, ಬುಧವಾರ ಬಾಣಾವರ, ಶುಕ್ರವಾರ ಹಳೇಬೀಡು ದಾಟಿ ಗೆಂಡೆಹಳ್ಳಿವರೆಗೆ. ನಾಲ್ಕೂವರೆಗೆ ಎದ್ದರೆ ಮೊದಲ ಬಸ್ಸು ಸಿಗುತ್ತದೆ.

ಅವರ ಕೋಣೆಗೆ ಕಾಲಿಟ್ಟವರು ಒಂದು ಕ್ಷಣ ನಿಲ್ಲುತ್ತಾರೆ. ಮೂರು ಗೋಡೆಗೂ ಹಲಗೆ ಹೊಡೆದು, ಸುಣ್ಣದಂತೆ ಬಿಳಿಯಾದ ಪ್ಲಾಸ್ಟರ್ ಕಿವಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ಪ್ರತಿಯೊಂದರ ಮೇಲೆ ಹೆಸರು, ಊರು, ಎಡ ಅಥವಾ ಬಲ. "ರಾತ್ರಿ ಇಲ್ಲಿ ಕೂತು ಯಾರನ್ನೂ ಬೈಯ್ಯಂಗಿಲ್ಲ, ಇಷ್ಟೊಂದು ಜನ ಕೇಳಿಸ್ಕಂತಾವ್ರೆ" ಎನ್ನುತ್ತಾರೆ ಅವರ ಯಜಮಾನರು ಧರ್ಮೇಶ್. ಅವರು ಪಂಪ್‌ಸೆಟ್ ಮೋಟಾರು ಸುತ್ತುವವರು. ಅಚ್ಚು ಬೇಯಿಸಲೆಂದು ಐದು ಲೀಟರಿನ ಕುಕ್ಕರಿಗೆ ಒತ್ತಡದ ಮೀಟರು ಕೂರಿಸಿಕೊಟ್ಟಿದ್ದೂ ಅವರೇ.

ಬಾಣಾವರದಲ್ಲಿ ಪಿಯುಸಿ ಮುಗಿಸಿದ ದ್ರಾಕ್ಷಾಯಣಿ ಮೊದಲು ಸೇರಿದ್ದು ಹಲ್ಲಿನ ಸೆಟ್ಟು ಮಾಡುವ ಒಂದು ಲ್ಯಾಬಿಗೆ. ಅಲ್ಲಿ ಹನ್ನೆರಡು ವರ್ಷ ದುಡಿದರು. ಲ್ಯಾಬು ಮುಚ್ಚಿತು. ಆಗ ಹಾಸನದ ಒಂದು ಶಿಬಿರದಲ್ಲಿ ಕಿವಿಯ ಅಚ್ಚು ತೆಗೆಯುವುದನ್ನು ನೋಡಿದರು. "ಹಿಟ್ಟು ಕಲಸಾದು, ಅಚ್ಚು ಹುಯ್ಯಾದು, ಉಜ್ಜಾದು. ಎಲ್ಲಾ ನಂಗೆ ಬರೋದೇ. ಬಾಯಿಂದ ಎರಡಿಂಚು ಪಕ್ಕಕ್ಕೆ ಹೋಗ್ಬೇಕಿತ್ತು, ಅಷ್ಟೇ" ಎನ್ನುತ್ತಾರೆ. ಕಿವಿ ಪರೀಕ್ಷೆ ಮಾಡಿ ಯಂತ್ರ ಹೊಂದಿಸಿಕೊಡುವ ಶಶಿಕಿರಣ್ ಎಂಬುವರ ಹತ್ತಿರ ಆರು ತಿಂಗಳು ಕೂತು ಕಲಿತರು.

ಕಲಿತದ್ದರಲ್ಲಿ ಕೊಬ್ಬರಿ ಇರಲಿಲ್ಲ. ಅದನ್ನು ಕಲಿಸಿದವರು ಗೆಂಡೆಹಳ್ಳಿಯ ನಂಜುಂಡಯ್ಯ ಎಂಬ ಮಾಜಿ ಟ್ಯಾಂಕ್ ಸೈನಿಕರು. ಶುರುವಿನ ದಿನಗಳಲ್ಲಿ ದ್ರಾಕ್ಷಾಯಣಿ ಎಲ್ಲರಿಗೂ ಬಾಯಿ ಮುಚ್ಚಿಕೊಂಡು ಅಲ್ಲಾಡದೆ ಕೂರಲು ಹೇಳುತ್ತಿದ್ದರು. ನಂಜುಂಡಯ್ಯನವರ ಅಚ್ಚು ಚೆನ್ನಾಗಿಯೇ ಕೂತಿತು. ವಾರದ ಮೇಲೆ ಅವರು ಒಂದು ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತರು. ಹೋಳಿಗೆ ಬಾಯಿಗಿಟ್ಟು ಅಗಿದರೆ ಕುಂಯ್. ನಿಲ್ಲಿಸಿದರೆ ಮೌನ. ಮತ್ತೆ ಅಗಿದರೆ ಕುಂಯ್. ಪಕ್ಕದವರು ಎಲೆ ಬಿಟ್ಟು ಬಗ್ಗಿ ಬಗ್ಗಿ ಶಿಳ್ಳೆ ಹೊಡೆಯುವವನನ್ನು ಹುಡುಕಿದರಂತೆ. "ಫೋನ್ ಮಾಡಿ, ಅವ್ವಾ, ಮಿಷನ್ ಬೇಕೋ ಹೋಳಿಗೆ ಬೇಕೋ ಒಂದು ಹೇಳು ಅಂದ್ರು. ನಾನು ನಗ್ಲಾ ಅಳ್ಲಾ?" ದವಡೆ ಆಡಿದರೆ ಕಿವಿಯ ದಾರಿಯೂ ಆಕಾರ ಬದಲಿಸುತ್ತದೆ ಎಂಬುದು ಅವರಿಗೆ ಹೊಳೆದದ್ದು ಅಂದು. ಅಂದಿನಿಂದ ಚೀಲದಲ್ಲಿ ಕೊಬ್ಬರಿ ಚೂರಿನ ಡಬ್ಬಿ ಇರುತ್ತದೆ. ಹಲ್ಲಿಲ್ಲದವರಿಗೆ ಬಾಳೆಹಣ್ಣು.

ಹಲಗೆಯ ಮೇಲಿನ ಹೆಸರುಗಳಲ್ಲಿ ಐವತ್ತೆಂಟು ಮಾಜಿ ಸೈನಿಕರದು. ಅದರಲ್ಲಿ ಮುಕ್ಕಾಲು ಪಾಲು ಫಿರಂಗಿ, ಟ್ಯಾಂಕುಗಳ ಬಳಿ ಇದ್ದವರದು. ಅವರ ಮನೆಗಳಿಗೆ ಹೋಗಿ ಹೋಗಿ ದ್ರಾಕ್ಷಾಯಣಿ ಒಂದು ವಿಷಯ ಗಮನಿಸಿದ್ದಾರೆ. "ಕಿವಿ ಹೋಗಿರಾದು ಒಬ್ರಿಗೆ. ಆದ್ರೆ ಆ ಮನೇಲಿ ಎಲ್ರ ಗಂಟಲೂ ಹೋಗಿರುತ್ತೆ. ಗುಂಡು ಹಾರಿಸ್ದೋರು ತಾತ. ಸದ್ದು ಮಾತ್ರ ಮೊಮ್ಮಕ್ಕಳ ತನಕ ಬಂದೈತೆ."

ಕಣಕಟ್ಟೆಯ ಈ ಮನೆಯಲ್ಲಿ ಆ ಸದ್ದು ಹೇಗೆ ಬಂತೆಂದು ಕೇಳಿದರೆ ಜಯದೇವಪ್ಪ ಖುಷಿಯಾಗಿಯೇ ಹೇಳುತ್ತಾರೆ. ಎಪ್ಪತ್ತೊಂದರ ಯುದ್ಧದಲ್ಲಿ ಅವರಿಗೆ ಇಪ್ಪತ್ತೆರಡು. ಫಿರಂಗಿಗೆ ಗುಂಡು ತುಂಬುವ ಕೆಲಸ. ಕಿವಿಗೆ ಏನೂ ಇಟ್ಟುಕೊಳ್ಳುತ್ತಿರಲಿಲ್ಲವೇ? "ಹತ್ತಿ ಇಟ್ಕಂತಿದ್ವಿ. ಹತ್ತಿ ಇಟ್ಕಂಡ್ರೆ ಆರ್ಡರ್ ಕೇಳಿಸ್ತಿರ್ಲಿಲ್ಲ. ಕೇಳಿಸ್ದಿದ್ರೆ ಬೈಗುಳ. ತೆಗ್ದು ಎಸೆದೆ." ಮೈಮೇಲೆ ಒಂದು ಗೀರೂ ಇಲ್ಲದೆ ಮಗ ಬಂದನೆಂದು ತಾಯಿ ನೂರೊಂದು ಕಾಯಿ ಒಡೆಸಿದರು. ಕಿವಿಯೊಳಗೆ ಹಗಲೂ ಇರುಳೂ ಒಂದು ಜೀರುಂಡೆ ಕೂಗುತ್ತಿದೆ ಎಂದು ಅವರು ಯಾರಿಗೂ ಹೇಳಲಿಲ್ಲ. "ಗಾಯ ಅಂದ್ರೆ ರಕ್ತ ಬರ್ಬೇಕಲ್ಲ" ಎನ್ನುತ್ತಾರೆ. ಅದು ಈಗಲೂ ಕೂಗುತ್ತಿದೆ.

ಎಂಬತ್ತೆರಡರಲ್ಲಿ ಅವರು ಸೇನೆಯಿಂದ ಮನೆಗೆ ಬಂದಾಗ ಇಂದ್ರೇಶ್ ಎರಡು ವರ್ಷದ ಮಗು. ಹೆಂಡತಿ ರುದ್ರಮ್ಮ ನೆನೆಯುತ್ತಾರೆ: "ಕೂಸು ಅಪ್ಪಾ ಅಪ್ಪಾ ಅಂತ ಹಿಂದೆ ಹೋಗಾದು. ಇವ್ರಿಗೆ ಕೇಳಿಸ್ತಿರ್ಲಿಲ್ಲ, ತಿರುಗ್ತಿರ್ಲಿಲ್ಲ. ಕೊನೀಗೆ ಕೂಸು ಕರೆಯಾದೇ ಬಿಡ್ತು. ಮೂಕ ಅಂದ್ಕಂಡ್ವಿ. ನಾಲ್ಕನೇ ವರ್ಷಕ್ಕೆ ಒಂದಿನ ಕಿಟಾರ್ ಅಂತ ಕಿರುಚ್ತು. ಇವ್ರು ತಿರುಗಿದ್ರು. ಅವತ್ತಿಂದ ಅದು ಕಿರುಚಾದೇ ಮಾತು ಅಂದ್ಕಂತು."

"ಸ್ಕೂಲಲ್ಲಿ ದಿನಾ ಹೊರಗೆ ನಿಲ್ಲಿಸ್ತಿದ್ರು" ಎಂದು ಇಂದ್ರೇಶ್ ಹಾಲಿನ ಪಾತ್ರೆ ಇಟ್ಟು ಸೇರಿಕೊಳ್ಳುತ್ತಾರೆ. "ನಾನು ಗಲಾಟೆ ಮಾಡ್ತಿರ್ಲಿಲ್ಲ ಕಣ್ರೀ. ಪ್ರೆಸೆಂಟ್ ಸಾರ್ ಅಂತಿದ್ದೆ, ಅಷ್ಟೇ!"

ಎಲ್ಲರೂ ನಗುತ್ತಾರೆ. ಇಂದ್ರೇಶರ ಮಗಳು ದಿವ್ಯಾ ಮಾತ್ರ ನಕ್ಕು ಗಂಟಲು ಹಿಡಿದುಕೊಳ್ಳುತ್ತಾಳೆ. ದ್ರಾಕ್ಷಾಯಣಿಗೆ ಫೋನ್ ಮಾಡಿ ಕರೆಸಿದವಳು ಇವಳೇ.

ದಿವ್ಯಾಗೆ ಇಪ್ಪತ್ತೆರಡು. ಬಿ.ಎಡ್. ಓದುತ್ತಿದ್ದಾಳೆ. ತಾತನ ಕಣ್ಣಿಗೆ ಸಣ್ಣ ಅಕ್ಷರ ಕಾಣದಾದಾಗಿನಿಂದ, ಅಂದರೆ ತನ್ನ ನಾಲ್ಕನೇ ತರಗತಿಯಿಂದ, ದಿನಾ ಬೆಳಿಗ್ಗೆ ಅರ್ಧ ಗಂಟೆ ಅವರಿಗೆ ಪೇಪರ್ ಓದಿ ಹೇಳುತ್ತಾಳೆ. ಓದುವುದೆಂದರೆ ಕೂಗುವುದೇ. ಹೋದ ಸಲ ಶಾಲೆಯೊಂದರಲ್ಲಿ ಪಾಠ ಅಭ್ಯಾಸಕ್ಕೆ ನಿಂತ ಐದನೆಯ ದಿನ ಅವಳ ದನಿ ನಿಂತೇಹೋಯಿತು. ನಲವತ್ತು ಮಕ್ಕಳ ಮುಂದೆ ಬಾಯಿ ಆಡುತ್ತಿದೆ, ಸದ್ದಿಲ್ಲ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಅವಳ ದನಿಯ ತಂತುಗಳ ಮೇಲೆ ಎರಡು ಸಣ್ಣ ಗಂಟುಗಳಾಗಿವೆ ಎಂದರು ಹಾಸನದ ಡಾಕ್ಟರು. ಕೂಗುವುದು ಪೂರ್ತಿ ನಿಂತರೆ ಕರಗಬಹುದು, ಇಲ್ಲದಿದ್ದರೆ ಆಪರೇಷನ್. ಇನ್ನು ಎಂಟು ವಾರಕ್ಕೆ ಪಾಠ ಅಭ್ಯಾಸವನ್ನು ಮತ್ತೆ ಮಾಡಬೇಕು. ಅದು ಮುಗಿಯದೆ ಪದವಿಯಿಲ್ಲ, ಮೇಷ್ಟರ ಕೆಲಸವೂ ಇಲ್ಲ.

"ಪೇಪರ್ ಓದೋದು ಬಿಟ್ಬಿಡು ಅಂತಾರೆ ಎಲ್ರೂ. ತಾತಂಗೆ ಹೊರಗಿನ ಪ್ರಪಂಚ ಅಂತ ಇರೋದು ಅದೊಂದೇ" ಎಂದು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಡೆದ ದನಿಯಲ್ಲಿ ಹೇಳುತ್ತಾಳೆ. "ನನ್ ಗಂಟ್ಲ ವಿಷಯ ತಾತಂಗೆ ಗೊತ್ತಿಲ್ಲ ಆಂಟಿ. ಹೇಳ್ಬೇಡಿ. ತುಂಬ ನೊಂದ್ಕೊತಾರೆ." ಯಾವ ಗುಟ್ಟೂ ನಿಲ್ಲದ ಈ ಮನೆಯಲ್ಲಿ ಕೂಗಿ ಹೇಳದ ಮಾತು ಇದೊಂದೇ.

ಯಂತ್ರ ಮನೆಯಲ್ಲಿ ಇಲ್ಲದೆ ಇರಲಿಲ್ಲ. ಆರು ವರ್ಷದ ಹಿಂದೆ ಪಿಂಚಣಿದಾರರಿಗೆಂದು ಕೊಟ್ಟಿದ್ದು. ಕೊಟ್ಟವರು ಸರ್ಕಾರ, ಪಡೆದವರು ಸೈನಿಕ, ಹಾಗಾಗಿ ರುದ್ರಮ್ಮ ಅದನ್ನು ಮೆಡಲುಗಳ ಜೊತೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಬಾವುಟ ಹಾರಿಸಲು ಕರೆದಾಗ ಮೆಡಲುಗಳನ್ನು ಎದೆಗೆ, ಯಂತ್ರವನ್ನು ಕಿವಿಗೆ ಏರಿಸಿ, ಸಂಜೆ ಮತ್ತೆ ಟ್ರಂಕಿಗೆ. "ಬ್ಯಾಟ್ರಿ?" ಎಂದು ದ್ರಾಕ್ಷಾಯಣಿ ಕೇಳಿದರೆ ರುದ್ರಮ್ಮ ಮುಖ ನೋಡುತ್ತಾರೆ. "ಅದಕ್ಕೆ ಬ್ಯಾಟ್ರಿ ಬೇಕಾ ತಾಯಿ?"

ಶಶಿಕಿರಣ್ ಯಂತ್ರವನ್ನು ಪರೀಕ್ಷಿಸಿ, ಸರಿಹೊಂದಿಸಿ ಕಳಿಸುತ್ತಾರೆ. ಹತ್ತನೆಯ ದಿನ ಹೊಸ ಅಚ್ಚು ಜಯದೇವಪ್ಪನವರ ಕಿವಿಗೆ ಅಂಟಿದಂತೆ ಕೂರುತ್ತದೆ. ಕೊಬ್ಬರಿ ಅಗಿಸಿ ನೋಡಿದರೆ ಶಿಳ್ಳೆಯಿಲ್ಲ. ದ್ರಾಕ್ಷಾಯಣಿ ಸಮಾಧಾನದಿಂದ ಬಸ್ಸು ಹತ್ತುತ್ತಾರೆ. ಅದೇ ಸಂಜೆ ಫೋನ್ ಬರುತ್ತದೆ. ತಾತ ಯಂತ್ರವನ್ನು ಕಿತ್ತು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾರೆ.

ಮರುದಿನ ಬೆಳಿಗ್ಗೆ ಹೋದರೆ ಜಯದೇವಪ್ಪನವರದು ಒಂದೇ ಮಾತು. "ನಿನ್ ಮಿಷನ್ನಿಗಿಂತ ಫಿರಂಗಿ ವಾಸಿ ಕಣವ್ವ."

ದ್ರಾಕ್ಷಾಯಣಿ ವಾದಿಸುವುದಿಲ್ಲ. ಟ್ರಂಕಿನ ಬೀಗ ತೆಗೆಸಿ, ಯಂತ್ರವನ್ನು ಮತ್ತೆ ಅವರ ಕಿವಿಗೆ ಹಾಕಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸುಮ್ಮನೆ ನೋಡುತ್ತಾರೆ. "ಅಪ್ಪಾ, ಹೆಂಗೈತೆ ಮಿಷನ್ನು?" ಇಂದ್ರೇಶ್ ಕೊಟ್ಟಿಗೆಯಿಂದ ಕೂಗುತ್ತಾರೆ. ಮುದುಕರು ಬೆಚ್ಚಿ ಕಣ್ಣು ಮುಚ್ಚುತ್ತಾರೆ. "ಮಾವಾ, ರೊಟ್ಟಿ ಹಾಕ್ಲಾ?" ಮತ್ತೆ ಅದೇ. ಕೆಟ್ಟ ಕಿವಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡ ಸದ್ದು ಮಾತ್ರ ಈಟಿಯಂತೆ ಚುಚ್ಚುತ್ತದೆ. ಯಂತ್ರ ಬಂದರೂ ಮನೆಯವರು ನಲವತ್ತು ವರ್ಷದ ಕೂಗನ್ನು ಒಂದು ಗೇಣೂ ಇಳಿಸಿಲ್ಲ. ಇಳಿಸಬೇಕೆಂದು ಯಾರಿಗೂ ಹೊಳೆದೇ ಇಲ್ಲ.

"ಅಚ್ಚು ಸರಿಯಾಗೈತೆ, ಮಿಷನ್ನೂ ಸರಿಯಾಗೈತೆ" ಎಂದು ದ್ರಾಕ್ಷಾಯಣಿ ಎದ್ದು ಸೀರೆ ಸರಿಮಾಡಿಕೊಳ್ಳುತ್ತಾರೆ. "ರಿಪೇರಿ ಆಗ್ಬೇಕಿರಾದು ಈ ಮನೆ."

ಜಗುಲಿಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಜಯದೇವಪ್ಪನವರ ಎದುರಿಗೆ, ಒಂದು ತೋಳಿನ ದೂರಕ್ಕೆ ಹಾಕುತ್ತಾರೆ. ಅವರ ಕಟ್ಟಳೆ ಇಷ್ಟು: ತಾತನ ಜೊತೆ ಮಾತಾಡಬೇಕಾದವರು ಎಲ್ಲಿದ್ದರೂ ನಡೆದು ಬಂದು ಈ ಕುರ್ಚಿಯಲ್ಲಿ ಕೂರಬೇಕು, ಮುಖ ಕಾಣಬೇಕು, ಆಮೇಲೆ ಬಾಯಿ ತೆಗೆಯಬೇಕು. ಮನೆಯವರು ತಮ್ಮತಮ್ಮಲ್ಲಿ ಆಡುವ ಮಾತಿಗೂ ಅದೇ, ಒಂದು ಕೋಣೆಯಿಂದ ಇನ್ನೊಂದಕ್ಕೆ ಕೂಗುವಂತಿಲ್ಲ. ಫಿರಂಗಿ ಮನೆಗಳಿಗೆಂದೇ ಅವರು ಕಂಡುಕೊಂಡ ಉಪಾಯವಿದು. ಎದುರಿಗೆ ಕೂತವರ ಮುಖಕ್ಕೆ ಯಾರೂ ಕೂಗುವುದಿಲ್ಲ, ನಾಚಿಕೆಯಾಗುತ್ತದೆ ಎಂಬುದು ಅವರ ನಂಬಿಕೆ.

"ಅಲ್ಲಾ ದ್ರಾಕ್ಷಾಯಣಕ್ಕ, ಹಾಲು ಕರೆಯಾದ್ ಬಿಟ್ಟು ಹಸೂಗೆ ಹಿಂಡಿ ಎಲ್ಲಿಟ್ಟೆ ಅಂತ ಕೇಳಾಕೆ ಬಂದು ಕುರ್ಚಿ ಮೇಲೆ ಕೂತ್ಕಳ್ಲಾ?" ಇಂದ್ರೇಶ್ ಕೇಳುತ್ತಾರೆ.

"ಕೂತ್ಕಳಪ್ಪ. ಎರಡು ದಿನ ಓಡಾಡಿದ್ರೆ ಬೇಡ್ದಿರೋ ಮಾತೆಲ್ಲಾ ತಾನಾಗೇ ಕಮ್ಮಿ ಆಗ್ತಾವೆ."

"ಹಂಗಾದ್ರೆ ಇವ್ರು ಪೂರ್ತಿ ಮೂಕರಾಗ್ತಾರೆ ಬಿಡಿ" ಎಂದು ಪುಷ್ಪಲತಾ ಗಂಡನ ಕಡೆ ನೋಡಿ ಸೆರಗಿನಲ್ಲಿ ನಗುತ್ತಾರೆ.

ಮೊದಲು ಕೂತವಳು ದಿವ್ಯಾ. ಕೈಯಲ್ಲಿ ಅಂದಿನ ಪೇಪರ್. ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳು ತಾತನಿಗೆ ಕೂಗದೆ ಓದುತ್ತಾಳೆ. ಎರಡು ಸಾಲು ಮುಗಿಯುವಷ್ಟರಲ್ಲಿ ಜಯದೇವಪ್ಪ ಕೈ ಎತ್ತಿ ತಡೆಯುತ್ತಾರೆ.

"ಇದ್ಯಾರ ದನಿ?"

"ನಂದೇ ತಾತ."

"ನಿಂದಾ? ಹಿಂಗ್ಯಾಕೈತೆ? ಒಡಕು ಮಡಿಕೆ ತಟ್ಟಿದಂಗೆ. ನೆಗಡಿಯಾ?"

ದಿವ್ಯಾ ತಲೆ ತಗ್ಗಿಸುತ್ತಾಳೆ. ಪುಷ್ಪಲತಾ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಾರೆ. ಕೊನೆಗೆ ರುದ್ರಮ್ಮ ಬಂದು ಮೊಮ್ಮಗಳನ್ನು ಎಬ್ಬಿಸಿ, ತಾವು ಕುರ್ಚಿಯಲ್ಲಿ ಕೂತು, ಗಂಡನ ಮುಖ ನೋಡಿ ಮೆಲ್ಲಗೆ ಎಲ್ಲವನ್ನೂ ಹೇಳುತ್ತಾರೆ. ಗಂಟುಗಳು, ಡಾಕ್ಟರು, ಆಪರೇಷನ್ನು, ಐದನೆಯ ದಿನ ನಿಂತುಹೋದ ಪಾಠ. ಜಯದೇವಪ್ಪ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಕಣ್ಣು ಒದ್ದೆಯಾಗುತ್ತದೆ.

ಆಮೇಲೆ ಇದ್ದಕ್ಕಿದ್ದಂತೆ "ಇಂದ್ರೇಶಾ!" ಎಂದು ಅಬ್ಬರಿಸಿ, ಮರುಕ್ಷಣವೇ ತಾವೇ ಕಿವಿ ಮುಚ್ಚಿಕೊಳ್ಳುತ್ತಾರೆ.

"ಅಯ್ಯಯ್ಯಪ್ಪಾ! ನಂದು ಇಷ್ಟು ಜೋರೇನ್ಲಾ?"

"ಇನ್ನೂ ಜೋರು. ಇವತ್ತು ಸ್ವಲ್ಪ ಕಮ್ಮಿನೇ" ಎನ್ನುತ್ತಾರೆ ಪಕ್ಕದಲ್ಲೇ ನಿಂತಿದ್ದ ಮಗ. ಅತ್ತವರೂ ನಗುತ್ತಾರೆ, ನಕ್ಕವರೂ ಕಣ್ಣೊರೆಸಿಕೊಳ್ಳುತ್ತಾರೆ.

ಅಂದು ಟ್ರಂಕಿನ ಬೀಗದ ಕೈ ದ್ರಾಕ್ಷಾಯಣಿಯ ಕೈಗೆ ಬರುತ್ತದೆ. ಕುರ್ಚಿಯ ಕಟ್ಟಳೆಗೆ ಜಯದೇವಪ್ಪನವರೇ ಹವಾಲ್ದಾರರಾಗುತ್ತಾರೆ. ಕೂಗಿದವರಿಗೆ ಶಿಕ್ಷೆ: ಅಂಗಳದ ತೊಟ್ಟಿಗೆ ಎರಡು ಕೊಡ ನೀರು. ಮೊದಲ ವಾರ ತೊಟ್ಟಿ ದಿನಾ ತುಂಬಿ ಹರಿಯಿತಂತೆ. ಹೆಚ್ಚು ಕೊಡ ಹೊತ್ತವರು ಇಂದ್ರೇಶ್, ಎರಡನೆಯವರು ಸ್ವತಃ ಹವಾಲ್ದಾರರು. "ಮನೇಲಿ ಸಣ್ಣಗೆ ಮಾತಾಡಿ ಮಾತಾಡಿ, ಹಾಲಿನ ಡೈರೀಲೂ ಸಣ್ಣಗೆ ಮಾತಾಡ್ಬಿಟ್ಟೆ. ಹುಷಾರಿಲ್ವಾ ಅಂತ ಎಲ್ರೂ ಕೇಳಿದ್ರು" ಎನ್ನುತ್ತಾರೆ ಇಂದ್ರೇಶ್. ಬಿ.ಪಿ.ಯೂ ಇಳಿದಿದೆಯಂತೆ. ಅದಕ್ಕೆ ಕಾರಣ ಮಾತೋ ನೀರು ಹೊತ್ತಿದ್ದೋ ಹೇಳಲಾರರು.

ದ್ರಾಕ್ಷಾಯಣಿಯ ದಾರಿ ಎಲ್ಲ ಕಡೆಯೂ ಹೀಗೆ ಸಲೀಸಲ್ಲ. ಒಬ್ಬ ಹೆಂಗಸು ಬಂದು ಗಂಡಸರ ಕಿವಿ ಮುಟ್ಟುವುದೇ ಎಂದು ಬಾಗಿಲಿನಿಂದಲೇ ಕಳಿಸಿದವರಿದ್ದಾರೆ. ಕುರ್ಚಿ ಹಾಕಿದ ಒಂದು ಮನೆಯಲ್ಲಿ ಮಗ ಅದರಲ್ಲಿ ಕೂರಲು ಒಪ್ಪದೆ, ಅಪ್ಪ ಇಂದಿಗೂ ಯಂತ್ರ ಮುಟ್ಟಿಲ್ಲ. ಅದನ್ನು ಹೇಳುವಾಗ ಅವರ ಮುಖ ಸ್ವಲ್ಪ ಮಂಕಾಗುತ್ತದೆ. "ಸೈನ್ಯದಿಂದ ಹುಡುಗ್ರು ರಜಕ್ಕೆ ಬಂದಾಗ ಕೈ ಕಾಲು ಸರಿ ಇದಾವಾ ಅಂತ ಎಲ್ರೂ ನೋಡ್ತಾರೆ. ಕಿವೀನೂ ಒಂದ್ಸಲ ತೋರಿಸ್ಲಿ. ಗದ್ದಲದ ಕೆಲಸದೋರು ಬೇಗ ಬಂದ್ರೆ ಎಷ್ಟೋ ಉಳಿಯುತ್ತೆ. ಅರವತ್ತು ವರ್ಷ ಆದ್ಮೇಲೆ ನನ್ ಹತ್ರ ಬಂದು ಏನುಪಯೋಗ?"

ಏಳನೆಯ ವಾರ ಡಾಕ್ಟರು ದಿವ್ಯಾಳ ಗಂಟಲು ನೋಡಿ, ಒಂದು ಗಂಟು ಕರಗಿದೆ, ಇನ್ನೊಂದು ಅರ್ಧವಾಗಿದೆ, ಆಪರೇಷನ್ ಮಾತು ಸದ್ಯಕ್ಕೆ ಬೇಡ ಎನ್ನುತ್ತಾರೆ. ಆದರೆ ಶಾಲೆಯ ಕೋಣೆ ಮನೆಯ ಜಗುಲಿಯಲ್ಲ. ಎಂಟನೆಯ ವಾರ ಅವಳು ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಅಭ್ಯಾಸಕ್ಕೆ ನಿಲ್ಲುತ್ತಾಳೆ. ಸೋಮವಾರ ಸರಿಹೋಯಿತು, ಮಂಗಳವಾರವೂ. ಎಲ್ಲರೂ ಉಸಿರು ಹಿಡಿದಿರುವುದು ಶುಕ್ರವಾರಕ್ಕೆ, ಐದನೆಯ ದಿನಕ್ಕೆ.

ಶುಕ್ರವಾರ ದ್ರಾಕ್ಷಾಯಣಿ ಹಳೇಬೀಡಿನ ಬಸ್ಸು ಹತ್ತುವುದಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ, ಎರಡು ಜಡೆಯ ಹುಡುಗಿಯೊಬ್ಬಳ ಪಕ್ಕ ಮೊಣಕಾಲು ಮಡಚಿ ಕೂರುತ್ತಾರೆ. ಕರಿಹಲಗೆಯ ಮುಂದೆ ದಿವ್ಯಾ. ಪಾಠ ಮಣ್ಣಿನ ವಿಧಗಳು. ಅವಳು ಕೂಗುತ್ತಿಲ್ಲ. ಹಿಂದಿನ ಸಾಲಿಗೆ ಹೇಳಬೇಕಾದಾಗ ಬೆಂಚುಗಳ ನಡುವೆ ನಡೆದು ಬರುತ್ತಾಳೆ. ಹತ್ತು ನಿಮಿಷ. ಇಪ್ಪತ್ತು. ದ್ರಾಕ್ಷಾಯಣಿ ಕಣ್ಣು ಮುಚ್ಚಿ ಆಲಿಸುತ್ತಾರೆ. ಮೂವತ್ತೈದನೆಯ ನಿಮಿಷದಲ್ಲಿ ಅವರಿಗೆ ತಡೆಯಲಾಗುವುದಿಲ್ಲ. ಪಕ್ಕದ ಹುಡುಗಿಯ ಕಡೆ ಬಗ್ಗಿ ಪಿಸುಗುಟ್ಟುತ್ತಾರೆ: "ನಿಂಗೆ ಇಲ್ಲೀತನಕ ಸರಿಯಾಗಿ ಕೇಳಿಸ್ತೈತೇನವ್ವ?"

ಹುಡುಗಿ ಹುಬ್ಬು ಗಂಟಿಕ್ಕಿ ತುಟಿಯ ಮೇಲೆ ಬೆರಳಿಡುತ್ತಾಳೆ. "ಶ್! ಸುಮ್ನಿರಿ ಆಂಟಿ. ಮಿಸ್ ಪಾಠ ಮಾಡ್ತಾವ್ರೆ."

ಗಂಟೆ ಹೊಡೆದ ಮೇಲೂ ದ್ರಾಕ್ಷಾಯಣಿಗೆ ನಗು ನಿಲ್ಲುವುದಿಲ್ಲ. ಗೇಟಿನ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇಷ್ಟು ವರ್ಷ ಊರೂರು ಸುತ್ತಿ ಸುಮ್ನಿರಿ ಸುಮ್ನಿರಿ ಅಂತ ಎಲ್ರಿಗೂ ನಾನೇ ಹೇಳಿದ್ದು ಕಣ್ರೀ. ನಂಗೇ ಯಾರಾದ್ರೂ ಹೇಳಿದ್ದಕ್ಕೆ ಇಷ್ಟು ಹಿಗ್ಗಾಗಿದ್ದು ಇವತ್ತೇ."